ಎಮ್ಮೆ ತಿಂದ ಸೆಣಬಿನ ಚೀಲ

ಮುದುಕವ್ವನ ಕೂಗು ಕೇಳಿ ಸೊಸೆ ಸುನಿತಾ ಹಿತ್ತಲಿನಿಂದ ಓಡಿ ಬಂದಳು. ಅವಳೇ ಹೊಲಿದ ಸೆಣಬಿನ ಚೀಲದ ಹಿಡಿಕೆ ಎಮ್ಮೆಯ ಬಾಯಿಂದ ಜೋತಾಡುತ್ತಿತ್ತು. ಹಿಡಿದು ಎಳೆದಳು. ಕೈಗೆ ಬಂದದ್ದು ಅರ್ಧ ಚೀಲ ಮಾತ್ರ.

ಕುಷ್ಟಗಿಯ ಆ ಮನೆಯಲ್ಲಿ ಹೋದ ವರ್ಷ ಒಂದು ಆಕಳು ಸತ್ತಿತ್ತು. ಹೊಟ್ಟೆ ಕೊಯ್ದಾಗ ಬುಟ್ಟಿ ತುಂಬ ಪ್ಲಾಸ್ಟಿಕ್ ಹೊರಬಂದಿತ್ತು. ಅದನ್ನು ಕಣ್ಣಾರೆ ಕಂಡ ಮೇಲೆಯೇ ಸುನಿತಾ ತರಬೇತಿಗೆ ಸೇರಿ ಸೆಣಬಿನ ಚೀಲ ಹೊಲಿಯಲು ಕಲಿತಳು. "ಇದು ಗಿಡದ ನಾರು ರೀ ಅತ್ತಿ. ಮಣ್ಣಾಗ ಬಿದ್ರ ಮಣ್ಣಾಗ್ತೈತಿ. ಕಾಳು ತುಂಬಿಟ್ರ ಗಾಳಿ ಆಡ್ತೈತಿ" ಎಂದು ಹೇಳಿ ಹೇಳಿ ಮನೆಯ ಪ್ಲಾಸ್ಟಿಕ್ಕನ್ನೆಲ್ಲ ಹೊರಹಾಕಿಸಿದ್ದಳು.

"ಮತ್ತ ಯಾಕ ಅಳಾಕತ್ತಿ? ಇದ್ರಿಂದ ಕೆಡಕಿಲ್ಲ ಅಂದಿದ್ದಿಯಲ್ಲ?" ಎಂದಳು ಮುದುಕವ್ವ.

ಸುನಿತಾ ಕಣ್ಣೊರೆಸಿಕೊಂಡು ಪಶುವೈದ್ಯನಿಗೆ ಫೋನ್ ಮಾಡಿದಳು.

ಪಶುವೈದ್ಯ ಗುರುಬಸವ ಬಂದು ಎಮ್ಮೆಯ ಎಡಪಕ್ಕೆಯನ್ನು ಮುಷ್ಟಿಯಿಂದ ಒತ್ತಿ ನೋಡಿದ. ಉಳಿದ ಅರ್ಧ ಚೀಲವನ್ನು ಕೇಳಿ ಪಡೆದು, ಒಳಬದಿಯನ್ನು ಉಗುರಿನಿಂದ ಕೆರೆದ. ಈರುಳ್ಳಿ ಸಿಪ್ಪೆಯಂಥ ತೆಳ್ಳನೆಯ ಹಾಳೆಯೊಂದು ಎದ್ದು ಬಂತು.

"ಪ್ಲಾಸ್ಟಿಕ್ ಐತಲ್ಲವ್ವ ಇದು!"

"ನಾ ಬಟ್ಟಿಗೆ ಗಂಜಿ ಹಚ್ಚ್ಯಾರ ಅಂತ ತಿಳ್ಕೊಂಡಿದ್ನಿರಿ," ಎಂದಳು ಸುನಿತಾ.

"ನಾರು ನಿಧಾನಕ್ಕ ಕರಗ್ತೈತಿ. ಗಂಟಾಗಿ ಕುಂತ್ರ ಅದೂ ತ್ರಾಸನ. ಈ ಹಾಳಿ ಮಾತ್ರ ಕರಗೂದಿಲ್ಲ. ಎಮ್ಮಿ ಮೆಲಕು ಹಾಕೂದು ನಿಲ್ಲಿಸಿದ್ರ ಕೂಡ್ಲೆ ಫೋನ್ ಮಾಡ್ರಿ."

ಔಷಧಿ ಕುಡಿಸಿ ಅವನು ಹೋದ. ಮುದುಕವ್ವ ಎಮ್ಮೆಯ ಮುಂದೆ ಕೂತು ಅದರ ದವಡೆಯನ್ನೇ ನೋಡತೊಡಗಿದಳು. ಸಂಜೆಯ ಹೊತ್ತಿಗೆ ದವಡೆ ಅಲ್ಲಾಡುವುದು ನಿಂತಿತು. ಸುನಿತಾ ಫೋನ್ ಕೈಗೆತ್ತಿಕೊಂಡಿದ್ದಳು, ಅಷ್ಟರಲ್ಲಿ ಎಮ್ಮೆ ಒಮ್ಮೆ ತೇಗಿ, ಏನೂ ಆಗಿಯೇ ಇಲ್ಲವೆಂಬಂತೆ ಮೆಲುಕು ಹಾಕಲು ಶುರುಮಾಡಿತು.

ಮರುದಿನ ಸುನಿತಾ ತನಗೆ ತರಬೇತಿ ಕೊಟ್ಟ ಹೇಮಾವತಿಯ ಮುಂದೆ ಆ ಹಾಳೆ ಹಿಡಿದು ನಿಂತಳು.

"ಚೀಲ ಗಟ್ಟಿ ನಿಲ್ಲಬೇಕು, ನೀರು ಇಳೀಬಾರದು ಅಂತಾರವ್ವ ಗಿರಾಕಿ. ಅದಕ್ಕ ಹಾಳಿ ಅಂಟಿಸಿದ ಬಟ್ಟಿ ತರಸ್ತೀವಿ," ಎಂದಳು ಹೇಮಾವತಿ. "ಸಾದಾ ಬಟ್ಟಿನೂ ಸಿಗ್ತೈತಿ."

"ಮೊದಲ ಯಾಕ ಹೇಳಲಿಲ್ಲರಿ?"

ಹೇಮಾವತಿ ತಾನೂ ಗೊಂದಲಕ್ಕೆ ಬಿದ್ದವಳಂತೆ ಆ ಹಾಳೆಯನ್ನೇ ನೋಡಿದಳು. "ಪ್ಲಾಸ್ಟಿಕ್ ಬ್ಯಾಡ ಅಂತ ಹೇಳಿಕೊಡತಿದ್ದೆ ನೋಡು. ಇದೂ ಪ್ಲಾಸ್ಟಿಕ್ಕ ಅನ್ನೂದು ತಲಿಗೇ ಹೊಳೀಲಿಲ್ಲ."

ಸುನಿತಾ ಸಾದಾ ಸೆಣಬು ತಂದು ಹೊಸ ಚೀಲ ಹೊಲಿದಳು. ಅದು ನಿಲ್ಲಲಾರದೆ ಮೆತ್ತಗೆ ಕುಸಿಯುತ್ತಿತ್ತು. ಮುದುಕವ್ವ ಒಳಗೂ ಹೊರಗೂ ಸವರಿ ನೋಡಿದಳು.

"ಇದನ್ನ ಎಮ್ಮಿ ತಿಂದ್ರ ನಡೀತೈತೇನು?"

"ಇಲ್ರಿ, ತಿನ್ನಬಾರದು."

"ಹಂಗಾರ ಇದೂ ಛಲೋ ಅಲ್ಲ?"

"ಛಲೋನ ರೀ ಅತ್ತಿ."

ಮುದುಕವ್ವ ಚೀಲದಲ್ಲಿ ಜೋಳ ತುಂಬಿ, ಎಮ್ಮೆಗೆ ನಿಲುಕದಷ್ಟು ಎತ್ತರಕ್ಕೆ ಇಟ್ಟು ಬಂದಳು.