ಇಲೋರಿನ್‌ನ ಹತ್ತು ಗಂಟೆ

ಗ್ಯಾಂಬಿಯಾ ನದಿಯ ಉತ್ತರ ದಂಡೆಯ ಆ ಶಾಲೆಯಲ್ಲಿ ಫ್ರೆಂಚ್ ತೆಗೆದುಕೊಂಡವರು ಇಬ್ಬರೇ: ತಿಡಾ ಮತ್ತು ಬಸೀರತ್. ಪಾಠ ಹೇಳುತ್ತಿದ್ದ ಅಲಾಬಿ ಮೇಷ್ಟ್ರು ಬಸೀರತ್‌ಳ ತಂದೆ, ನೈಜೀರಿಯಾದವರು. ಹೋದ ವರ್ಷ ಅವರ ಕರಾರು ಮುಗಿಯಿತು. ಮಗಳನ್ನು ಕರೆದುಕೊಂಡು ತಮ್ಮ ಊರು ಇಲೋರಿನ್‌ಗೆ ಹೊರಟುಹೋದರು. ಗುರುವೂ ಗೆಳತಿಯೂ ಒಂದೇ ದೋಣಿ ಹತ್ತಿ ಹೋದ ಮೇಲೆ ತಿಡಾಳ ಪಾಲಿಗೆ ಉಳಿದದ್ದು ಫೋನಿನಲ್ಲಿ ಬರುತ್ತಿದ್ದ ಅವರ ದನಿ. ಕುರಾನನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿದ ಹುಡುಗಿ; ಫ್ರೆಂಚನ್ನೂ ಹಾಗೇ ಕಲಿತಳು.

ಶಾಲೆ ಮುಗಿಸುವವರಿಗೆ ಪಶ್ಚಿಮ ಆಫ್ರಿಕಾದ ಐದು ದೇಶಗಳಲ್ಲಿ ಒಂದೇ ಪರೀಕ್ಷೆ, ಒಂದೇ ಪ್ರಶ್ನೆಪತ್ರಿಕೆ, ಒಂದೇ ಗಳಿಗೆ. ಇದರಲ್ಲಿ ಪಾಸಾದರೆ ತಿಡಾಳಿಗೆ ಶಿಕ್ಷಕರ ತರಬೇತಿ ಕಾಲೇಜು. ತಪ್ಪಿದರೆ ಇನ್ನೊಂದು ವರ್ಷ ಮನೆ.

ವಾರದ ಹಿಂದೆ ಬಸೀರತ್ ಫೋನಿಗೆ ದನಿ ಕಳಿಸಿದ್ದಳು: "ಬುಧವಾರ ಹತ್ತು ಗಂಟೆಗೆ ಕಣೇ. ಪ್ರಶ್ನೆಪತ್ರಿಕೆ ಲಕೋಟೆ ಒಡೆಯುವಾಗ ನೀನಲ್ಲಿ ಫಾತಿಹಾ ಓದು, ನಾನಿಲ್ಲಿ ಓದ್ತೀನಿ. ಒಂದೇ ಬೆಂಚಲ್ಲಿ ಕೂತ ಹಾಗೆ." ಫಾತಿಹಾ ಎಂದರೆ ಕುರಾನಿನ ಮೊದಲ ಅಧ್ಯಾಯ, ಏಳೇ ವಾಕ್ಯ.

ಉಳಿದ ವಿಷಯಗಳ ಪರೀಕ್ಷೆಗೆ ತಿಡಾ ಓರಗೆಯವರ ಗುಂಪಿನ ಹಿಂದೆ ಹೋಗಿ ಬಂದಿದ್ದಳು. ಫ್ರೆಂಚಿಗೆ ಗುಂಪಿಲ್ಲ. ಹತ್ತು ಗಂಟೆ ಎಂದು ಗೆಳತಿಯೇ ಹೇಳಿದ ಮೇಲೆ ಗೋಡೆಯ ವೇಳಾಪಟ್ಟಿಯನ್ನು ಅವಳು ನೋಡಲಿಲ್ಲ.

ಬುಧವಾರ ಬೆಳಿಗ್ಗೆ ಅಜ್ಜಿ ಶೇಂಗಾ ಗಂಜಿ ಬಡಿಸುತ್ತ ಕೆಣಕಿದಳು: "ಆ ಭಾಷೆ ಕಲಿತು ಯಾರ ಹತ್ತಿರ ಮಾತಾಡ್ತೀಯೇ? ನಮ್ಮ ಆಡಿನ ಹತ್ತಿರವಾ? ಗಡಿಯಾಚೆ ಸೆನೆಗಲ್‌ನಲ್ಲಿರೋ ನಿನ್ನ ಸೋದರತ್ತೆಯೂ ನಮ್ಮ ಮಂಡಿಂಕಾನೇ ಆಡೋದು."

"ಅತ್ತೆ ಬೈಯೋದು ಫ್ರೆಂಚಲ್ಲೇ, ಅಜ್ಜಿ."

"ಹಾಗಾದರೆ ಕಲಿ. ಬೈದದ್ದಾದರೂ ತಿಳೀಲಿ."

ಮೊಮ್ಮಗಳು ಹೊಸ್ತಿಲು ದಾಟಿದ ಮೇಲೆ ಅಜ್ಜಿ ಅವಳ ಹೆಜ್ಜೆಯ ಮೇಲೆ ಒಂದು ಚೊಂಬು ತಣ್ಣೀರು ಸುರಿದಳು, ಹೋದ ಕೆಲಸ ತಂಪಾಗಲೆಂದು.

ಫೋನನ್ನು ಮನೆಯಲ್ಲೇ ಬಿಟ್ಟು ಬಂದ ತಿಡಾ ಶಾಲೆ ಮುಟ್ಟಿದಾಗ ಒಂಬತ್ತೂಕಾಲು. ಅಂಗಳ ಬಿಕೋ ಎನ್ನುತ್ತಿತ್ತು. ಇನ್ನೂ ಹೊತ್ತಿದೆ ಎಂದು ಬೇವಿನ ಮರದಡಿ ಕೂತು, ಕಣ್ಣು ಮುಚ್ಚಿ ಕ್ರಿಯಾಪದಗಳನ್ನು ಗುನುಗಿದಳು.

ಇಪ್ಪತ್ತು ಹೆಜ್ಜೆ ಆಚೆ, ಪರೀಕ್ಷೆಯ ಹಾಲಿನ ಬಾಗಿಲಿಗೆ ಒಬ್ಬ ಮುದುಕರು ಬಂದರು. ಬೇರೆ ಊರಿನಿಂದ ಮೇಲ್ವಿಚಾರಣೆಗೆ ಬಂದ ದರ್ಬೊ ಮೇಷ್ಟ್ರು. ಕೈಯಲ್ಲಿ ಮೊಹರು ಒಡೆಯದ ಲಕೋಟೆ.

"ಮಗಳೇ, ಈ ಶಾಲೇಲಿ ತಿಡಾ ಸಾನೆ ಅಂತ ಯಾರನ್ನಾದರೂ ಬಲ್ಲೆಯಾ?"

"ನಾನೇ, ಸರ್."

"ನೀನೇ ಆದರೆ ಅಲ್ಲಿ ಕೂತು ಏನು ಮಾಡ್ತಿದ್ದೀ?"

"ಹತ್ತು ಗಂಟೆಗೆ ಕಾಯ್ತಿದ್ದೀನಿ."

ಮುದುಕರು ಗಡಿಯಾರ ನೋಡಿದರು. "ಪರೀಕ್ಷೆ ಒಂಬತ್ತಕ್ಕೇ ಶುರು. ಈಗ ಒಂಬತ್ತೂ ಇಪ್ಪತ್ತಾರು. ಇನ್ನು ನಾಲ್ಕು ನಿಮಿಷ ಕಳೆದಿದ್ದರೆ ಗೈರುಹಾಜರು ಅಂತ ಬರೆದು ಈ ಲಕೋಟೇನ ಹಾಗೇ ವಾಪಸು ಕಳಿಸ್ತಿದ್ದೆ. ಹತ್ತು ಅಂತ ಯಾರು ಹೇಳಿದ್ದು?"

ತಿಡಾ ಓಡುತ್ತಲೇ ಹೇಳಿದಳು, "ಇಲೋರಿನ್‌ನ ಗೆಳತಿ."

"ಅಯ್ಯೋ ತಾಯಿ. ಅಲ್ಲಿ ಹತ್ತು ಹೊಡೆದರೆ ಇಲ್ಲಿ ಒಂಬತ್ತು."

ನೂರು ಮೇಜುಗಳ ಹಾಲಿನಲ್ಲಿ ಒಂದರ ಮೇಲೆ ಮಾತ್ರ ಹೆಸರಿನ ಚೀಟಿ. ಲಕೋಟೆ ಸರಿಯಾಗಿದೆ ಎಂದು ಇಬ್ಬರು ವಿದ್ಯಾರ್ಥಿಗಳು ರುಜು ಹಾಕಬೇಕು. ತಿಡಾ ಮೊದಲ ಗೆರೆಯ ಮೇಲೆ ಹಾಕಿದಳು.

"ಎರಡನೆಯದು, ಸರ್?"

"ಖಾಲಿ ಬಿಡು. ಗೋಡೆಯಿಂದ ರುಜು ಹಾಕಿಸೋಕಾಗುತ್ತಾ? ಬರಿ ಮಗಳೇ, ಬರಿ."

ಮೊಹರು ಒಡೆಯಿತು. ಫಾತಿಹಾ ನಾಲಿಗೆಯ ತುದಿಗೆ ಬಂದಿತ್ತು; ಆದರೆ ಕೈ ಆಗಲೇ ಪೆನ್ನು ಹಿಡಿದಿತ್ತು. ತಾನು ಮನೆಯಲ್ಲಿ ಗಂಜಿ ಕುಡಿಯುತ್ತಿದ್ದಾಗ ಬಸೀರತ್ ಓದಿ ಮುಗಿಸಿರಬೇಕು, ಪಕ್ಕದಲ್ಲಿ ತಾನಿದ್ದೇನೆಂದು ನಂಬಿಕೊಂಡು. ಹಾಲಿನಲ್ಲಿ ಪೆನ್ನಿನ ಸದ್ದು, ಮುದುಕರ ಜಪಮಣಿಯ ಸದ್ದು. ಬೇರೆ ಉಸಿರಿಲ್ಲ.

ಹೊತ್ತು ಮುಗಿದಾಗ ಕೊನೆಯ ಪ್ರಶ್ನೆ ಹಾಗೇ ಉಳಿದಿತ್ತು. ಅವಳು ತಲೆಯೆತ್ತಿ ನೋಡಿದಳು.

"ನನ್ನ ಗಡಿಯಾರವಾಗಿದ್ದರೆ ಕೊಡ್ತಿದ್ದೆ," ಎಂದರು ಮುದುಕರು, ಮೆಲ್ಲಗೆ ಕಾಗದ ಎಳೆದುಕೊಳ್ಳುತ್ತ. "ಇದು ಐದು ದೇಶದ್ದು."

ಮನೆಗೆ ಬಂದು ಫೋನು ಕಿವಿಗಿಟ್ಟಳು. ಬಸೀರತ್: "ಓದುವಾಗ ನಿನ್ನ ದನಿ ಕೇಳಿಸಿದ ಹಾಗಾಯ್ತು ಕಣೇ. ನೀನೂ ಓದಿದೆ ತಾನೆ? ಕೊನೇ ಪ್ರಶ್ನೆ ನೀರು ಕುಡಿದ ಹಾಗಿತ್ತು, ಅಲ್ವಾ?"

ತಿಡಾ ಅಡುಗೆಮನೆಯ ಹಿಂದೆ ಹೋಗಿ ಫಾತಿಹಾದ ಏಳು ವಾಕ್ಯಗಳನ್ನೂ ನಿಧಾನವಾಗಿ, ಒಂದು ಅಕ್ಷರ ನುಂಗದೆ ಹೇಳಿದಳು. ಆಮೇಲೆ ದನಿ ಕಳಿಸಿದಳು: "ಓದಿದೆ, ಬಸೀರತ್." ಯಾವಾಗ ಓದಿದ್ದೆಂದು ಹೇಳಲಿಲ್ಲ. ಕೊನೆಯ ಪ್ರಶ್ನೆಯ ಮಾತನ್ನೂ ಎತ್ತಲಿಲ್ಲ.

ಅಜ್ಜಿ ಅನ್ನದ ಬೋಗುಣಿ ಮುಂದಿಟ್ಟಳು. "ಇವತ್ತಾದರೂ ಯಾರ ಹತ್ತಿರ ಮಾತಾಡಿದೆಯೇ ಆ ಭಾಷೇನ?"

"ಕಾಗದದ ಹತ್ತಿರ, ಅಜ್ಜಿ. ಅದೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ."