ಟೇಲರಮ್ಮ ಅಳತೆ ತೆಗೆದ ಕಾರು

"ಹಾಗೇ ಹಿಡಿ, ಅಲ್ಲಾಡಿಸಬೇಡ," ಎಂದ ಮೇಸ್ತ್ರಿ. ಅಲ್ಲಾಡುತ್ತಿದ್ದದ್ದು ಅವನ ಕೈಯೇ ಹೊರತು ಹೆಂಡತಿ ಹಿಡಿದ ಮಡ್‌ಗಾರ್ಡ್ ಅಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವಳು, ಅದನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡಿಯಲ್ಲ.

ಬಸ್ ಡಿಪೋದಿಂದ ನಿವೃತ್ತನಾದ ಮೆಕ್ಯಾನಿಕ್ ಆತ. ಮನೆ ಪಕ್ಕದ ಶೆಡ್ಡಿನಲ್ಲಿ ಒಂಬತ್ತು ವರ್ಷ ಬೆವರು ಸುರಿಸಿ ಎರಡೇ ಸೀಟಿನ ಸ್ಪೋರ್ಟ್ಸ್ ಕಾರೊಂದನ್ನು ಕಟ್ಟಿದ್ದ. ಒಂದು ನಟ್ಟನ್ನೂ ಬೇರೆಯವರು ಮುಟ್ಟಿಲ್ಲ ಅನ್ನುವುದು ಅವನ ದೊಡ್ಡಸ್ತಿಕೆ. ಕೇಳಿ ಕೇಳಿ ಬೀದಿಯವರ ಕಿವಿ ತೂತು ಬಿದ್ದಿತ್ತು. ಹೋದ ವರ್ಷ ಬಲಗೈಗೆ ನಡುಕ ಹತ್ತಿತು. ಇದು ಹೋಗುವಂಥದ್ದಲ್ಲ ಎಂದುಬಿಟ್ಟರು ಡಾಕ್ಟರು. ಆಗ ಉಳಿದಿದ್ದದ್ದು ನಾಲ್ಕು ಫೈಬರ್‌ಗ್ಲಾಸ್ ಮಡ್‌ಗಾರ್ಡ್ ಕೂರಿಸುವ ಕೆಲಸ ಮಾತ್ರ. ಮೊನ್ನೆ ಮೊದಲನೆಯದಕ್ಕೆ ತೂತು ಕೊರೆಯುವಾಗ ಡ್ರಿಲ್ ಜಾರಿ ಅಂಚಿನವರೆಗೂ ಸೀಳಿತು. ಮಡ್‌ಗಾರ್ಡ್ ತೆಗೆದ ಅಚ್ಚು ಆಗಲೇ ಒಡೆದುಹೋಗಿ ಹೊಸದು ಮಾಡುವಂತಿರಲಿಲ್ಲವಾದ್ದರಿಂದ ಅದಕ್ಕೇ ತೇಪೆ ಹಾಕಿ ಉಜ್ಜಿದ್ದ. ಇನ್ನೊಂದು ಸಲ ಸೀಳಿದರೆ ಮುಗಿಯಿತು, ಒಂಬತ್ತು ವರ್ಷದ ಕಾರು ಶೆಡ್ಡಿನಲ್ಲೇ ಕೊಳೆಯಬೇಕು.

ಈಗ ಕಾರನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದವನನ್ನು, ಟೈರಿಗೂ ಇದಕ್ಕೂ ಎಷ್ಟು ಸಂದು ಬಿಟ್ಟಿದ್ದೀರಿ ಎಂದು ಅವಳು ಕೇಳಿದಳು. ಎರಡು ಬೆರಳು ಎಂದ. ಕಾರಿನೊಳಗೆ ಜನ ಕೂತಾಗ? ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಬಸ್ಸಿನ ಕೆಳಗೆ ಆಯಸ್ಸು ಕಳೆದವನಿಗೆ ಪಾಠ ಹೇಳಬೇಡ ಎಂದು ಗದರಿದ.

"ನಿಲ್ಲಿಸಿ ಅಳತೆ ತೆಗೆದು ಹೊಲಿದ ಪ್ಯಾಂಟು ಕೂತಾಗ ಹರಿಯುತ್ತೆ ಕಣ್ರೀ," ಅಂದಳು ಆಕೆ. ಬೀದಿಗೆಲ್ಲ ಅವಳು ಟೇಲರಮ್ಮ. ಸುಮ್ಮನೆ ಬಿಡುವ ಪೈಕಿಯೂ ಅಲ್ಲ. ಕಚ್ಚಾ ಹೊಲಿಗೆ ಹಾಕುವಂತೆ ಮಡ್‌ಗಾರ್ಡನ್ನು ನಾಲ್ಕು ಕಡೆ ಟೇಪಿನಲ್ಲಿ ಅಂಟಿಸಿದಳು. ಜಾಕ್ ಇಳಿಸಿ ಎಂದು ಹಟ ಹಿಡಿದು ಇಳಿಸಿಸಿದಳು. ಟೈರಿನ ನೆತ್ತಿಗೆ ಬಟ್ಟೆ ಗುರುತಿನ ಸೀಮೆಸುಣ್ಣ ತಿಕ್ಕಿ, ಬನ್ನಿ ಎಂದು ಕಾರೊಳಗೆ ಹೋಗಿ ಕೂತೇಬಿಟ್ಟಳು. ಆ ಸೀಟು ಹಾಕಿ ಎರಡು ವರ್ಷವಾಗಿತ್ತು. ಒಂದು ದಿನವೂ ಅವಳನ್ನು ಕೂರು ಅಂದಿರಲಿಲ್ಲ ಎಂಬುದು ಪಕ್ಕದಲ್ಲಿ ಕೂತಾಗಲೇ ಮೇಸ್ತ್ರಿಗೆ ಹೊಳೆದು ನಾಚಿಕೆಯಾಯಿತು.

ಇಬ್ಬರೂ ಮಕ್ಕಳ ಹಾಗೆ ಸೀಟಿನಲ್ಲಿ ಕುಪ್ಪಳಿಸಿದರು. ಇಳಿದು ಬಗ್ಗಿ ನೋಡಿದರೆ ಮಡ್‌ಗಾರ್ಡಿನ ಒಳಮೈಗೆ ಟೈರು ತಗುಲಿ ದಪ್ಪಗೆ ಸೀಮೆಸುಣ್ಣ ಮೆತ್ತಿತ್ತು. ಡಿಪೋದಲ್ಲಿ ಬಸ್ಸನ್ನು ಯಾವತ್ತೂ ಖಾಲಿ ನಿಲ್ಲಿಸಿಯೇ ರಿಪೇರಿ ಮಾಡಿದ ಅಭ್ಯಾಸ, ಪಾಪ. ಒಳಗೆ ಜನ ಕೂರುತ್ತಾರೆ ಅನ್ನುವುದೇ ತಲೆಗೆ ಬಂದಿರಲಿಲ್ಲ. ಮೇಸ್ತ್ರಿ ಹಣೆ ಚಚ್ಚಿಕೊಂಡು ನಕ್ಕ. ಮಡ್‌ಗಾರ್ಡನ್ನು ಇನ್ನೆರಡು ಬೆರಳು ಮೇಲಕ್ಕೆತ್ತಿದ ಮೇಲೆ ಹೊಸ ಗುರುತು ಬಿತ್ತು.

ಡ್ರಿಲ್ ಎತ್ತಿಕೊಂಡ. ಅದರ ಮೊನೆ ಗುರುತಿನ ಸುತ್ತ ಕುಣಿಯಿತೇ ಹೊರತು ಗುರುತಿನ ಮೇಲೆ ನಿಲ್ಲಲಿಲ್ಲ. ಎಡಗೈ ಆನಿಸಿ ನೋಡಿದ, ಉಸಿರು ಬಿಗಿಹಿಡಿದು ನೋಡಿದ. ಕೊನೆಗೆ ಅವಳ ಕಡೆ ಚಾಚಿದ.

"ನನ್ನ ಕೈಲಿ ಆಗಲ್ಲ ಕಣೇ. ನೀನು ಕೊರಿ."

ಅವಳು ಈ ಮಾತನ್ನು ಅವನ ಬಾಯಲ್ಲಿ ಎಂದೂ ಕೇಳಿದವಳಲ್ಲ. ಡ್ರಿಲ್ ತೆಗೆದುಕೊಂಡು, ಗುಂಡಿಯ ಕಾಜಾ ಮಾಡುವಷ್ಟೇ ನಿಧಾನವಾಗಿ ಕೊರೆದಳು. ಬಿಳೀ ಪುಡಿ ಉದುರಿತು. ಎಲ್ಲೂ ಸೀಳಲಿಲ್ಲ.

ಬೋಲ್ಟು ಬಿಗಿಯಲು ಇಬ್ಬರು ಬೇಕು. ಮೇಲೆ ಅವಳು ಬೋಲ್ಟಿನ ತಲೆಯನ್ನು ಸ್ಕ್ರೂಡ್ರೈವರಿನಲ್ಲಿ ಒತ್ತಿ ಹಿಡಿದಳು. ಅವನು ಅಡಿಯಲ್ಲಿ ಅಂಗಾತ ಮಲಗಿ ಸ್ಪಾನರಿನಿಂದ ನಟ್ ತಿರುಗಿಸತೊಡಗಿದ. ಒಬ್ಬರ ಮುಖ ಒಬ್ಬರಿಗೆ ಕಾಣದು. ಅವನ ಕೈಯ ನಡುಕ ಬೋಲ್ಟಿನ ಮೂಲಕ ಹತ್ತಿ ಬಂದು ಅವಳ ಅಂಗೈಯಲ್ಲಿ ಮಿಡಿಯಿತು.

"ಹಿಡಿದಿದ್ದೀಯಾ?"

"ಹೂಂ. ನೀವು ತಿರುಗಿಸಿ."

ನಟ್ ಬಿಗಿಯುತ್ತ ಬಂದಂತೆ ಮಿಡಿತ ಸಣ್ಣದಾಯಿತು. ಪೂರ್ತಿ ಬಿಗಿದ ಮೇಲೂ ಸ್ವಲ್ಪ ಹೊತ್ತು ಇಬ್ಬರೂ ಕೈ ತೆಗೆಯಲಿಲ್ಲ.