ಮಾತು ನಿಲ್ಲಿಸಿದ ಮನೆ

1979ರ ಜುಲೈ 12, ಗುರುವಾರ, ಬೆಳಿಗ್ಗೆ ಹತ್ತೂಕಾಲು ಗಂಟೆ. ಶಹಾಬಾದಿನಲ್ಲಿ ಹಮೀದಾಬೇಗಂ ಶಾಲೆಯ ಚೀಟಿ ಹಿಡಿದು ಕುಳಿತಿದ್ದಳು. ಒಂಬತ್ತು ವರ್ಷದ ಮಗಳು ನೂರಜಹಾನ್ ಮಂದಬುದ್ಧಿಯವಳು, ಶನಿವಾರದೊಳಗೆ ಇಂಗ್ಲಿಷ್ ಶಾಲೆ ಬಿಡಿಸಿರಿ ಎಂದು ಅದರಲ್ಲಿತ್ತು. ನಾಲ್ಕು ವರ್ಷದ ಹಿಂದೆ ಕನ್ನಡ ಶಾಲೆಯವರು ಹಿರಿಯ ಮಗಳು ಜೈಬುನ್ನೀಸಾಳ ಬಗ್ಗೆಯೂ ಇದೇ ಮಾತು ಹೇಳಿದ್ದರು. ಅವಳೀಗ ಪಕ್ಕದ ಕಲ್ಲಿನ ಅಂಗಳದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಉಜ್ಜುತ್ತಿದ್ದಳು. ಅವಳ ಕೆಮ್ಮು ಒಳಗೆ ಕೇಳುತ್ತಿತ್ತು.

ಆ ಕೆಮ್ಮಿಗೆ ಔಷಧಿ ತಂದ ನರ್ಸ್ ತುಳಜಾಬಾಯಿ ಹೊಸ್ತಿಲಲ್ಲೇ ನಿಂತಳು. ಶಾಲೆಯಿಂದ ಚೀಟಿಯೊಂದಿಗೆ ವಾಪಸು ಬಂದ ನೂರಜಹಾನ್ ಒಳಗೆ ಗೋಡೆಗೆ ಒರಗಿ ಕುಳಿತಿದ್ದಳು.

"ಏನ್ ಹಮೀದಾಬೀ, ಸತ್ತವರ ಮನಿಗಿ ಬಂದಂಗ ಆಗ್ತದ. ಯಾರೂ ಮಾತೇ ಆಡಂಗಿಲ್ಲಲ್ಲ?"

"ಮನ್ಯಾಗ ಉರ್ದು ಆಡಬ್ಯಾಡ್ರಿ, ಪೋರಿ ಇಂಗ್ಲಿಷ್ ಕೆಡ್ತದ ಅಂತ ಮಾಸ್ತರು ಹೇಳ್ಯಾರ್ರಿ ಬಾಯಿ. ನಮಗ ಇಂಗ್ಲಿಷ್ ಬರಂಗಿಲ್ಲ. ಅದಕ್ಕ ಆಕಿ ಮುಂದ ಸುಮ್ಮ ಇರ್ತೀವಿ. ವರ್ಷ ಆಯ್ತು."

ಅಷ್ಟರಲ್ಲಿ ಗಂಡ ಶೌಕತ ಅಲಿ ಬಂದ. ಅಂಗಳದ ಮೇಸ್ತ್ರಿ ಅವನು. "ಅಕ್ಕ ಹಂಗೇ, ತಂಗಿ ಹಂಗೇ. ಸೋಮವಾರದಿಂದ ಇಕೀನೂ ಕಲ್ಲಿಗೇ."

"ಇಕಿಗಿ ತಿಳಿಯೋದಿಲ್ಲೋ, ಇಂಗ್ಲಿಷ್ ತಿಳಿಯೋದಿಲ್ಲೋ? ಕೇಳಿ ನೋಡೀರೇನು?" ಅಂದಳು ತುಳಜಾಬಾಯಿ.

"ದವಾ ಕೊಡೋರು ಮಾಸ್ತರಕಿ ಯಾವಾಗ ಸುರು ಮಾಡೀರಿ?" ಶೌಕತ ಕೇಳಿದ.

ಬಾಗಿಲ ಬಳಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲದ ಫರಸಿ ಬಿದ್ದಿತ್ತು. ಒಂದು ಮೂಲೆಯಲ್ಲಿ ಅರ್ಧ ಅಡಿ ಉದ್ದ, ಅರ್ಧ ಅಡಿ ಅಗಲದ ಚೌಕ ಮುರಿದಿತ್ತು. ಮುರಿದದ್ದನ್ನು ಕಳೆದೇ ಅಳೆಯುವುದು ಅಂಗಳದ ಪದ್ಧತಿ. ಈ ಕಲ್ಲು ಎಷ್ಟು ಚದರ ಅಡಿ ಆಯಿತು ಎಂದು ತುಳಜಾಬಾಯಿ ನೂರಜಹಾನಳನ್ನು ಉರ್ದುವಿನಲ್ಲಿ ಕೇಳಿದಳು.

ಹುಡುಗಿ ಅಪ್ಪನ ಮುಖ ನೋಡಿದಳು. ಬೈಯುತ್ತಾನೇನೋ ಎಂಬ ಭಯ.

"ಪೌನೇ ಛೇ ಫೂಟ್," ಅಂದಳು ಮೆಲ್ಲಗೆ. ಐದೂ ಮುಕ್ಕಾಲು. ಆಮೇಲೆ ಆ ಮೂಲೆ ಹೇಗೆ ಮುರಿಯಿತು, ಯಾರು ಯಾರನ್ನು ಬೈದರು, ಎಲ್ಲ ಒಂದೂ ಬಿಡದೆ ಹೇಳಿದಳು. ಶೌಕತ ಟೇಪು ಬಿಚ್ಚಿ ಅಳೆದ. ಲೆಕ್ಕ ಸರಿಯಿತ್ತು. ಅವನು ಟೇಪು ಸುತ್ತಿಟ್ಟ.

"ಕಲಿಯೋ ತೊಂದ್ರಿ ಇದ್ದರ ಮನಿ ಮಾತಿನಾಗೂ ಕಾಣ್ತದ, ಶೌಕತ ಭಾಯಿ. ಹೊಸ ಭಾಷಾದಾಗ ಅಷ್ಟೇ ತಡವರಿಸಿದ್ರ ಅದು ರೋಗ ಅಲ್ಲ. ಹೊಸ ಭಾಷಾ ಬರಾಕ ವರ್ಷಗಟ್ಟಲೆ ಬೇಕು. ಮೊದಲು ಮನ್ಯಾಗ ಮಾತಾಡ್ರಿ."

ಹೊರಗೆ ಮತ್ತೆ ಕೆಮ್ಮು.

"ಹಂಗಾರ ನಮ್ಮ ಜೈಬು?" ಹಮೀದಾಬೇಗಂ ಕೇಳಿದಳು.

"ಆಕೀನ ಯಾರರ ಹಿಂಗ ಕೇಳಿದ್ರೇನು?"

"ಇಲ್ರಿ."

ಶನಿವಾರ ಗಂಡ, ಹೆಂಡತಿ, ತುಳಜಾಬಾಯಿ ಮೂವರೂ ಮಗಳನ್ನು ಕರೆದುಕೊಂಡು ಶಾಲೆಗೆ ಹೋದರು. ಮಾಸ್ತರರ ಎದುರು ಲೆಕ್ಕಗಳನ್ನು ಉರ್ದುವಿನಲ್ಲಿ ಕೇಳಿಸಿದರು. ಎಲ್ಲಕ್ಕೂ ಸರಿಯಾದ ಉತ್ತರ ಬಂತು; ನೂರಜಹಾನಳ ಹೆಸರು ಶಾಲೆಯಲ್ಲಿ ಉಳಿಯಿತು.

ತಂದೆ ತಾಯಂದಿರೇ, ನಿಮ್ಮ ಮಗುವನ್ನು ಯಾರಾದರೂ ದಡ್ಡ ಎಂದರೆ ಮೊದಲು ಮನೆಮಾತಿನಲ್ಲಿ ಕೇಳಿ ನೋಡಿರಿ. ಅದರಲ್ಲೂ ತಡವರಿಸಿದರೆ ಕಿವಿ, ಕಣ್ಣು ತೋರಿಸಿರಿ, ಡಾಕ್ಟರರನ್ನು ಕಾಣಿರಿ. ಆ ಮಗುವೂ ಕಲಿಯಬಲ್ಲದು. ಕೇಳುವ ಮೊದಲು ಶಾಲೆ ಬಿಡಿಸಬೇಡಿರಿ.

ಜೈಬುನ್ನೀಸಾಳಿಗೆ ಆಗ ಹದಿನೈದು; ಅವಳನ್ನು ಮಾತ್ರ ಯಾರೂ ಕೇಳಲೇ ಇಲ್ಲ. ಆ ಶನಿವಾರ ಅವಳು ಉಜ್ಜಿದ ಫರಸಿ ಇಪ್ಪತ್ತೆಂಟು ಚದರ ಅಡಿ.